ಸಹಾಯ ಬೇಕು: ಗಾಲ್ಫ್ ಆಟದಲ್ಲಿ ಬಾದಾಮಿಯ ಬಂಡೆ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯವನು. 'ದಿ ಗಾಲ್ಫ್ ಕ್ಲಬ್ 2019' ಎಂಬ ವಿಡಿಯೋ ಆಟದ ಡಿಸೈನರ್‌ನಲ್ಲಿ (ಮೈದಾನ ರಚಿಸುವ ಸಾಧನ) ಬಾದಾಮಿಯ ಅಗಸ್ತ್ಯ ತೀರ್ಥದ ಸುತ್ತ 18 ಕುಳಿಗಳ ಕಾಲ್ಪನಿಕ ಮೈದಾನ ಕಟ್ಟುತ್ತಿದ್ದೇನೆ. ದಕ್ಷಿಣಕ್ಕೆ ಗುಹೆಗಳ ಗುಡ್ಡ, ಉತ್ತರಕ್ಕೆ ಕೋಟೆಯ ಗುಡ್ಡ, ನಡುವೆ ಕೆರೆ. ಕೆರೆಯನ್ನು ದಾಟಿಸಿ ಹೊಡೆಯುವ ಪಾರ್ 3 ಕುಳಿಗೆ (ಮೂರು ಹೊಡೆತದಲ್ಲಿ ಮುಗಿಸಬೇಕಾದ ಕುಳಿ) ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ!

ತೊಂದರೆ ಬಂದಿರುವುದು ಎತ್ತರದ ದತ್ತಾಂಶದಲ್ಲಿ. ಲೇಸರ್‌ನಿಂದ ನೆಲವನ್ನು ಸೂಕ್ಷ್ಮವಾಗಿ ಅಳೆದ ಲಿಡಾರ್ ದತ್ತಾಂಶ ನನಗೆ ಸಿಗಲಿಲ್ಲ. 2000ರಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ದತ್ತಾಂಶವನ್ನೇ ಬಳಸಿದೆ. ಅದರಲ್ಲಿ ಸುಮಾರು 30 ಮೀಟರಿಗೆ ಒಂದೇ ಎತ್ತರ. ಅಂದರೆ ಒಂದು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹೆಚ್ಚುಕಡಿಮೆ ಒಂದೇ ಚೌಕದಲ್ಲಿ ಮುಗಿದುಹೋಗುತ್ತದೆ. ಹಾಗೆಯೇ ತಂದರೆ ನೆಲವೆಲ್ಲ ಮೆಟ್ಟಿಲು. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ, ಬಿಂದುಗಳ ನಡುವಿನ ಎತ್ತರವನ್ನು ನಯವಾಗಿ ತುಂಬುವ ಕ್ಯೂಬಿಕ್ ವಿಧಾನದಿಂದ 2 ಮೀಟರಿಗೆ ಇಳಿಸಿದಾಗ ಮೆಟ್ಟಿಲುಗಳೇನೋ ಹೋದವು, ಆದರೆ ಕಡಿದಾದ ಕೆಂಪು ಬಂಡೆ ಜೋಳದ ರಾಶಿಯಂತೆ ಜಾರಿ ಕುಳಿತಿದೆ. ಆಟದ ಡಿಸೈನರ್‌ನ ಬ್ರಷ್‌ನಿಂದ ಕೈಯಾರೆ ಎತ್ತರಿಸಿದರೆ ಪಕ್ಕದ ಕೆರೆಯ ದಂಡೆಯೂ ಜೊತೆಗೇ ಮೇಲೇಳುತ್ತದೆ. "ಬನಶಂಕರಿಗೆ ಬಾ ಎಂದರೆ ಬಿಸಿಲು ಎನ್ನುತ್ತೀಯ, ಇಲ್ಲಿ ಕುಳಿತು ಗುಡ್ಡ ಕಡಿಯುತ್ತೀಯ" ಎಂದು ಅಪ್ಪ ಬೈಯುವುದು ಬೇರೆ.

ಒಂದು ಬಿಂದುವಿಗೆ ಒಂದೇ ಎತ್ತರವಿರುವ ನಕ್ಷೆಯಲ್ಲಿ ಮುಂಚಾಚಿದ ಬಂಡೆ ಬರುವುದಿಲ್ಲ ಎಂಬುದು ಅರ್ಥವಾಗಿದೆ. ನನಗೆ ತಿಳಿಯದಿರುವುದು ಇಷ್ಟೇ: ನೆಲವನ್ನು ತಗ್ಗಾಗಿಯೇ ಬಿಟ್ಟು, ಆಟದಲ್ಲಿರುವ ಕಲ್ಲಿನ ವಸ್ತುಗಳನ್ನು ಜೋಡಿಸಿ ಗೋಡೆ ಕಟ್ಟಬೇಕೇ, ಅಥವಾ ದಂಡೆ ಕೆಡದಂತೆ ನೆಲವನ್ನೇ ಕಡಿದಾಗಿಸುವ ದಾರಿ ಇದೆಯೇ? ಕಲ್ಲು ಜೋಡಿಸಿದವರು ಯಾರಾದರೂ ಇದ್ದರೆ, ಚೆಂಡು ಅದಕ್ಕೆ ಬಡಿದು ಸರಿಯಾಗಿ ಪುಟಿಯುತ್ತದೆಯೇ ಎಂಬುದನ್ನೂ ತಿಳಿಸುತ್ತೀರಾ?