ಲೇಸರ್ ಅಲ್ಟ್ರಾಸೌಂಡ್‌ನಲ್ಲಿ ಬಿರುಕು ಸಿಗುತ್ತೆ, ಆಳ ಮಾತ್ರ ಸರಿ ಬರ್ತಿಲ್ಲ

ಪ್ರಶ್ನೆ: 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್. 1064 ನ್ಯಾನೋಮೀಟರ್‌ನ ಪಲ್ಸ್ ಲೇಸರ್‌ನಿಂದ ಮೇಲ್ಮೈ ಅಲೆ ಎಬ್ಬಿಸಿ, ಬಿರುಕಿನ ಆಚೆ ಇಂಟರ್‌ಫೆರೋಮೀಟರ್‌ನಲ್ಲಿ (ಮೇಲ್ಮೈಯ ಅಲುಗಾಟವನ್ನು ಬೆಳಕಿನಿಂದ ಅಳೆಯುವ ಡಿಟೆಕ್ಟರ್) ಹಿಡಿಯುತ್ತಿದ್ದೇವೆ. ಸಿಗ್ನಲ್ ಎಷ್ಟು ಕುಗ್ಗಿತು ಅನ್ನೋದರ ಮೇಲೆ ಆಳ ಲೆಕ್ಕ ಹಾಕಿದರೆ ಒಂದೊಂದು ಸಲ ಒಂದೊಂದು ಉತ್ತರ. ಎಲ್ಲಿ ತಪ್ಪುತ್ತಿದೆ ಸರ್?

ಉತ್ತರ: ಸಿಗ್ನಲ್‌ನ ಎತ್ತರವನ್ನೇ ನಂಬಿದರೆ ಹೀಗೇ ಆಗೋದು. ಲೇಸರ್ ಶಕ್ತಿ ಪಲ್ಸ್‌ನಿಂದ ಪಲ್ಸ್‌ಗೆ ಏರಿಳಿಯುತ್ತೆ, ಮೇಲ್ಮೈ ಒರಟಾಗಿದ್ದರೆ ವಾಪಸ್ ಬರುವ ಬೆಳಕು ಜಾಗದಿಂದ ಜಾಗಕ್ಕೆ ಬೇರೆ. ಆಳವನ್ನು ಸಮಯದಿಂದ ತೆಗೆಯಿರಿ.

ಮೊದಲು ಸಿಲಿಂಡ್ರಿಕಲ್ ಲೆನ್ಸ್ ಹಾಕಿ ಕಿರಣವನ್ನು 10 ಮಿ.ಮೀ. ಉದ್ದ, 0.3 ಮಿ.ಮೀ. ಅಗಲದ ಗೆರೆ ಮಾಡಿ, ಗೆರೆ ಬಿರುಕಿಗೆ ಸಮಾನಾಂತರ ಇರಲಿ. 10 ನ್ಯಾನೋಸೆಕೆಂಡ್ ಪಲ್ಸ್‌ಗೆ 2 ಮಿಲಿಜೌಲ್ ಸಾಕು. ಪ್ಲೇಟ್ ಮೇಲೆ ಬಿಳಿ ಕಲೆ ಉಳಿದರೆ ಲೋಹ ಆವಿಯಾಗುತ್ತಿದೆ ಅಂತ ಅರ್ಥ, ಶಕ್ತಿ ಇಳಿಸಿ.

ಈಗ ಡಿಟೆಕ್ಟರನ್ನು ಲೇಸರ್ ಇರುವ ಬದಿಗೇ ತನ್ನಿ. ಗೆರೆಯಿಂದ 10 ಮಿ.ಮೀ. ದೂರಕ್ಕೆ ಡಿಟೆಕ್ಟರ್, ಅಲ್ಲಿಂದ 8 ಮಿ.ಮೀ. ಆಚೆ ಬಿರುಕು. ಅಲ್ಯೂಮಿನಿಯಂನಲ್ಲಿ ಈ ಅಲೆ ಮೈಕ್ರೋಸೆಕೆಂಡಿಗೆ ಸುಮಾರು 2.9 ಮಿ.ಮೀ. ಓಡುತ್ತೆ. ನೇರ ಅಲೆ 3.4 ಮೈಕ್ರೋಸೆಕೆಂಡಿಗೆ, ಬಿರುಕಿನ ಬಾಯಿಯಿಂದ ಮರಳಿದ್ದು 9ರ ಹತ್ತಿರ. ಅದರ ಹಿಂದೆಯೇ ಇನ್ನೊಂದು ಸಣ್ಣ ಅಲೆ ಇರುತ್ತೆ: ಬಿರುಕಿನ ಗೋಡೆ ಹಿಡಿದು ತುದಿಗೆ ಇಳಿದು ಮೇಲೆ ಬಂದದ್ದು. ಇವೆರಡರ ಸಮಯದ ಅಂತರವನ್ನು 2.9ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆಳ. 0.69 ಮೈಕ್ರೋಸೆಕೆಂಡ್ ಬಂದರೆ 1 ಮಿ.ಮೀ. ನಿಮ್ಮ ಪ್ಲೇಟ್‌ನ ನಿಜವಾದ ವೇಗವನ್ನು ಬಿರುಕಿಲ್ಲದ ಜಾಗದಲ್ಲಿ ಅಳೆದುಕೊಳ್ಳಿ.

ಪ್ರಶ್ನೆ: ಬಿರುಕಿನ ಆಳ ಅರ್ಧ ಮಿ.ಮೀ.ಗಿಂತ ಕಡಿಮೆ ಇದ್ದರೆ ಎರಡು ಅಲೆಗಳೂ ಒಂದರ ಮೇಲೊಂದು ಕೂತುಬಿಡುತ್ತವಲ್ಲ?

ಉತ್ತರ: ಹೌದು, ಕೂರುತ್ತವೆ. ಆಗ ಡಿಟೆಕ್ಟರನ್ನು ಮತ್ತೆ ಬಿರುಕಿನ ಆಚೆ ಇಟ್ಟು, ದಾಟಿಬಂದ ಸಿಗ್ನಲ್‌ಗೆ ಎಫ್‌ಎಫ್‌ಟಿ (ಸಿಗ್ನಲ್ಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಹಾಕಿ, ಬಿರುಕಿಲ್ಲದ ಜಾಗದ ಎಫ್‌ಎಫ್‌ಟಿಯಿಂದ ಭಾಗಿಸಿ. ಈ ಅಲೆ ಸುಮಾರು ತನ್ನದೊಂದು ತರಂಗಾಂತರದಷ್ಟು ಆಳಕ್ಕೆ ಇಳಿದಿರುತ್ತೆ. ಉದ್ದ ಅಲೆ ಬಿರುಕಿನ ಕೆಳಗಿಂದ ನುಸುಳಿ ಹೋಗುತ್ತೆ, ಗಿಡ್ಡ ಅಲೆ ತಡೆಯಾಗುತ್ತೆ. 1 ಮಿ.ಮೀ. ಬಿರುಕನ್ನು 1 ಮೆಗಾಹರ್ಟ್ಸ್ ಒಂದಷ್ಟು ದಾಟುತ್ತೆ, 5 ಮೆಗಾಹರ್ಟ್ಸ್ ಅಷ್ಟಾಗಿ ದಾಟಲ್ಲ. ಸಿಗ್ನಲ್ ಯಾವ ಫ್ರೀಕ್ವೆನ್ಸಿಯಲ್ಲಿ ಕುಸಿಯುತ್ತೆ ಅನ್ನೋದನ್ನು ಆಳ ಗೊತ್ತಿರುವ ಈಡಿಎಂ ಸೀಳುಗಳ (ವಿದ್ಯುತ್ ಕಿಡಿಯಿಂದ ಕೊರೆದವು) ಜತೆ ಹೋಲಿಸಿ. ಗೆರೆಯ ಅಗಲ 0.3 ಇದ್ದರೆ 10 ಮೆಗಾಹರ್ಟ್ಸ್ ಸುತ್ತ ಸಿಗ್ನಲ್ಲೇ ಸೊರಗುತ್ತೆ, ಇನ್ನೂ ಸಣ್ಣ ಬಿರುಕಿಗೆ ಗೆರೆಯನ್ನು ಇನ್ನೂ ಕಿರಿದು ಮಾಡಬೇಕು.

ಒಂದು ಮಾತು ಮರೆಯಬೇಡಿ. ಈಡಿಎಂ ಸೀಳಿನ ಬಾಯಿ ತೆರೆದಿರುತ್ತೆ, ಪದೇ ಪದೇ ಲೋಡ್ ಬಿದ್ದು ಆದ ಫಟೀಗ್ ಬಿರುಕಿನ ಗೋಡೆಗಳು ತಾಗಿಕೊಂಡಿರುತ್ತವೆ. ತಾಗಿದ ಕಡೆಯೆಲ್ಲ ಅಲೆ ದಾಟುವುದರಿಂದ ಆಳ ಕಡಿಮೆ ತೋರಿಸುತ್ತೆ. ಸ್ಯಾಂಪಲ್ ಆದರೆ ಬೆಂಡಿಂಗ್ ಫಿಕ್ಸ್ಚರ್‌ನಲ್ಲಿ ಬಿರುಕು ಸ್ವಲ್ಪ ತೆರೆಯುವಷ್ಟೇ ಲೋಡ್ ಕೊಟ್ಟು ಇನ್ನೊಮ್ಮೆ ಅಳೆಯಿರಿ. ಎರಡು ಅಳತೆಯೂ ಬೇರೆ ಬಂದರೆ ಹೆಚ್ಚಿನದನ್ನೇ ರಿಪೋರ್ಟ್‌ನಲ್ಲಿ ಬರೆಯಿರಿ.