ಮಗಳು ಶಾಪದ ಕಥೆ ಓದಿ ಲೈಟ್ ಹಾಕಿಕೊಂಡೇ ಮಲಗುತ್ತಾಳೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಬನಶಂಕರಿಯ ಅಮ್ಮ (ಕೇಳಿದವರು)

ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಿಂದ ಇಂಗ್ಲಿಷ್ ಹಾರರ್ ಕಾದಂಬರಿಗಳನ್ನು ತಂದುಕೊಂಡಿದ್ದಾಳೆ. ಒಂದೇ ಕಥೆ, ಮೂರು ಭಾಗ. ಎರಡು ಮುಗಿದಿದೆ. ಮುನ್ನೂರು ವರ್ಷದ ಹಿಂದೆ ಅಮೆರಿಕದ ಒಂದು ಹಳ್ಳಿಯಲ್ಲಿ ತಾಯಿ-ಮಗಳನ್ನು ಮಾಟಗಾತಿಯರು ಅಂತ ಸುಳ್ಳು ಹೇಳಿ ಸುಡುತ್ತಾರಂತೆ. ಸುಡಿಸಿದವರ ವಂಶಕ್ಕೆ ಶಾಪ ಹತ್ತಿ, ತಲೆಮಾರಿಗೆ ಒಬ್ಬೊಬ್ಬರು ಸಾಯುತ್ತಾರಂತೆ.

ಎರಡು ವಾರದಿಂದ ರಾತ್ರಿ ಲೈಟ್ ಆರಿಸುವ ಹಾಗಿಲ್ಲ. ಬಾತ್‌ರೂಮಿಗೆ ಹೋದರೂ ನಾನು ಬಾಗಿಲಲ್ಲಿ ನಿಂತಿರಬೇಕು. ಮೊನ್ನೆ ಊಟಕ್ಕೆ ಕೂತಾಗ, "ಅಮ್ಮ, ನಮ್ಮ ವಂಶಕ್ಕೂ ಸ್ತ್ರೀ ಶಾಪ ಇದೆಯಂತೆ, ಹೌದಾ?" ಅಂದಳು. ಇದು ನಮ್ಮ ಅತ್ತೆಯ ಮಾತು. ಮನೆಯಲ್ಲಿ ಯಾರದಾದರೂ ಮದುವೆ ತಡವಾದರೆ ಈ ಶಾಪ ಹೊರಗೆ ಬರುತ್ತದೆ. ಈಗ ಅದೇ ಅತ್ತೆ "ಆ ದರಿದ್ರ ಪುಸ್ತಕ ರದ್ದಿಗೆ ಹಾಕು" ಅನ್ನುತ್ತಿದ್ದಾರೆ. ಕಿತ್ತುಕೊಳ್ಳಲಾ, ಬಿಡಲಾ? ಇದನ್ನು ದಾಟಿದವರು ಹೇಳಿ.

ಮಲ್ಲೇಶ್ವರದಿಂದ, 16 ವರ್ಷದವಳ ತಾಯಿ

ಕಿತ್ತುಕೊಳ್ಳಬೇಡಿ. ನಾನು ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟೆ. ಅವಳು ಅದನ್ನೇ ಫೋನಿನಲ್ಲಿ ಹುಡುಕಿ, ಹೊದಿಕೆಯೊಳಗೆ ರಾತ್ರಿ ಎರಡು ಗಂಟೆವರೆಗೆ ಓದಿದಳು. ಮೊದಲು ಹೆದರಿದಾಗ ನನ್ನ ಹತ್ತಿರ ಬರುತ್ತಿದ್ದಳು. ಆಮೇಲೆ ಅದೂ ನಿಂತಿತು, ಯಾಕೆಂದರೆ ಹೆದರಿಕೆ ಹೇಳಿಕೊಂಡರೆ ಕದ್ದು ಓದಿದ್ದು ಗೊತ್ತಾಗುತ್ತದಲ್ಲ.

ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದಿದ್ದು ಎರಡೇ. ಸಂಜೆ ದೀಪ ಹಚ್ಚಿದ ಮೇಲೆ ಆ ಪುಸ್ತಕ ತೆಗೆಯುವಂತಿಲ್ಲ, ಹಗಲು ಎಷ್ಟು ಬೇಕಾದರೂ ಓದಲಿ. ಇನ್ನೊಂದು, ಶುರು ಮಾಡಿದರೆ ಮುಗಿಸಲೇಬೇಕು. ಮಧ್ಯದಲ್ಲಿ ಬಿಟ್ಟ ಹಾರರ್ ಕಥೆ ತಲೆಯೊಳಗೆ ತಾನೇ ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಏನಾಯಿತು ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಮೂರನೇ ಭಾಗ ಬೇಗ ತಂದುಕೊಡಿ ಅಕ್ಕ.

ರಾಜಾಜಿನಗರ, 90ರ ದಶಕದ ಹುಡುಗ

ನಮ್ಮ ಕಾಲದಲ್ಲಿ ಪುಸ್ತಕವೇ ಬೇಕಿರಲಿಲ್ಲ. ಬೀದಿ ಬೀದಿಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರು, ನೆನಪಿದೆಯಾ? ರಾತ್ರಿ ದೆವ್ವ ನಿಮ್ಮ ತಾಯಿಯ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ, ತೆಗೆದರೆ ಸತ್ತಿರಿ ಅಂತ. ನಮ್ಮಮ್ಮ ಬಾಗಿಲಿಗೆ ಬರೆದಿದ್ದೂ ಅಲ್ಲದೆ, ಹಾಲಿನವನಿಗೆ "ಹೆಸರು ಹೇಳಿಯೇ ಬಡಿ" ಅಂತ ತಾಕೀತು ಮಾಡಿದ್ದರು. ದೆವ್ವ ಅಷ್ಟು ಪ್ರಾಮಾಣಿಕ, ಓದಿಕೊಂಡು ವಾಪಸ್ ಹೋಗುತ್ತಿತ್ತು ನೋಡಿ. ಈಗ ನೆನೆಸಿಕೊಂಡು ನಗುತ್ತೇವೆ. ನಿಮ್ಮ ಮಗಳೂ ನಗುತ್ತಾಳೆ.

ಬಸವನಗುಡಿ, ನಿವೃತ್ತ ಹೈಸ್ಕೂಲ್ ಮೇಷ್ಟ್ರು

ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಸಮಾಜ ಪಾಠ ಮಾಡಿದವನ ಚಟ.

ಮಗಳಿಗೆ ಕಥೆಯ ಹಿಂದಿನ ನಿಜ ಸಂಗತಿ ಹೇಳಿ. ದೆವ್ವ ತಾನಾಗಿ ಚಿಕ್ಕದಾಗುತ್ತದೆ. ಇಂಥ ಕಥೆಗಳಲ್ಲಿ ಬಹಳಷ್ಟು ಹುಟ್ಟಿದ್ದು 1692ರಲ್ಲಿ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಗಳಿಂದ. ನಮ್ಮ ಪಕ್ಕದ ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು. ಆಗ ಅದು ಬ್ರಿಟಿಷರ ವಸಾಹತು. ಮೊದಲನೆಯದು, ಅಲ್ಲಿ ಒಬ್ಬರನ್ನೂ ಸುಡಲಿಲ್ಲ. ಯುರೋಪಿನಲ್ಲಿ ಜರ್ಮನಿ, ಸ್ಕಾಟ್ಲೆಂಡ್ ಕಡೆ ಸುಟ್ಟಿದ್ದಾರೆ. ಇಂಗ್ಲಿಷ್ ಕಾನೂನು ನಡೆಯುತ್ತಿದ್ದ ಕಡೆ ಮಾಟಕ್ಕೆ ಶಿಕ್ಷೆ ನೇಣು. ಸೇಲಂನಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಗೈಲ್ಸ್ ಕೋರಿ ಅನ್ನುವ ಮುದುಕ ಕೋರ್ಟಿನಲ್ಲಿ ಹೌದು ಅಲ್ಲ ಏನನ್ನೂ ಹೇಳಲು ಒಪ್ಪಲಿಲ್ಲ, ಅವನ ಮೇಲೆ ಕಲ್ಲು ಹೇರಿ ಕೊಂದರು. ಜೈಲಿನಲ್ಲಿ ಸತ್ತವರು ಬೇರೆ.

ಇದೆಲ್ಲ ಶುರುವಾಗಿದ್ದು ಯಾರಿಂದ ಗೊತ್ತಾ? ಪಾದ್ರಿಯ ಮನೆಯ ಇಬ್ಬರು ಮಕ್ಕಳಿಂದ. ಬೆಟ್ಟಿ ಪ್ಯಾರಿಸ್‌ಗೆ 9, ಅಬಿಗೈಲ್ ವಿಲಿಯಮ್ಸ್‌ಗೆ 11. ಅವರ ಜೊತೆ ಸೇರಿದ ಆನ್ ಪುಟ್ನಂಗೆ 12. ನಿಮ್ಮ ಮಗಳ ವಯಸ್ಸಿನವರೇ. "ನಿನ್ನೆ ರಾತ್ರಿ ಅವಳ ರೂಪ ಬಂದು ನನ್ನ ಕತ್ತು ಹಿಸುಕಿತು" ಅಂದರೆ ಅದೇ ಸಾಕ್ಷಿ. ಆ ಹೆಂಗಸು ತನ್ನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರೂ ಬಿಡಲಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಹೌದು, ನಾನು ಮಾಟ ಮಾಡಿದೆ ಅಂತ ಒಪ್ಪಿಕೊಂಡವರು ಹೆಚ್ಚಾಗಿ ಉಳಿದುಕೊಂಡರು. ಇಲ್ಲ, ಸುಳ್ಳು ಹೇಳಲ್ಲ ಅಂದವರು ನೇಣಿಗೆ ಹೋದರು. ಹೆದರಬೇಕಾದರೆ ಇದಕ್ಕೆ ಹೆದರಲಿ.

ಸಾರಾ ಗುಡ್ ಅನ್ನುವ ಬಡ ಹೆಂಗಸು ನೇಣಿನ ಮುಂದೆ ನಿಂತು, ತನ್ನನ್ನು ಮಾಟಗಾತಿ ಅಂದ ಪಾದ್ರಿಗೆ "ನನ್ನ ಪ್ರಾಣ ತೆಗೆದರೆ ದೇವರು ನಿನಗೆ ಕುಡಿಯೋಕೆ ರಕ್ತ ಕೊಡ್ತಾನೆ" ಅಂದಳೆಂದು ಹೇಳುತ್ತಾರೆ. ವಂಶಶಾಪದ ಕಾದಂಬರಿಗಳಿಗೆ ಇಂಥ ಮಾತೇ ಬೀಜ. ಅವಳ ನಾಲ್ಕೈದು ವರ್ಷದ ಮಗಳನ್ನೂ ಮಾಟಗಾತಿ ಅಂತ ಜೈಲಿಗೆ ಹಾಕಿದ್ದರು. ಇಷ್ಟು ಪುಟ್ಟ ಮಗುವನ್ನು ಯಾವ ಕಾದಂಬರಿಕಾರ ಹಾಕಿದರೂ "ಅತಿಯಾಯ್ತು" ಅನ್ನುತ್ತಿದ್ದೆವು.

ಕೊಳ್ಳೇಗಾಲದವನು, ಈಗ ಕೆಂಗೇರಿಯಲ್ಲಿ

ಮೇಷ್ಟ್ರೇ, ನನ್ನ ಕಥೆಯನ್ನೂ ಸೇರಿಸಿಕೊಳ್ಳಿ. ಬೆಂಗಳೂರಿಗೆ ಬಂದು ಹದಿನೆಂಟು ವರ್ಷ ಆಯಿತು. ಊರು ಯಾವುದು ಅಂತ ಕೇಳುತ್ತಾರೆ, ಕೊಳ್ಳೇಗಾಲ ಅನ್ನುತ್ತೇನೆ. ಎದುರಿನವರ ಮುಖದಲ್ಲಿ ಒಂದು ಕ್ಷಣ ಏನೋ ಆಗುತ್ತದೆ. ಆಮೇಲೆ ನಗು. "ಓಹೋ, ಹುಷಾರಾಗಿರಬೇಕಪ್ಪ ನಿನ್ನ ಹತ್ರ, ಮಾಟ ಗೀಟ ಮಾಡಿಸಿಬಿಟ್ಟೀಯಾ!" ಹಳೇ ಆಫೀಸಿನಲ್ಲಿ ಒಬ್ಬರಿಗೆ ಪ್ರಮೋಷನ್ ತಪ್ಪಿದಾಗ ಮೂರು ದಿನ ನನ್ನ ಡಬ್ಬಿಯ ಊಟ ಯಾರೂ ಮುಟ್ಟಲಿಲ್ಲ. ತಮಾಷೆಗೆ ಅಂದರು. ಅಮ್ಮ ಮಾಡಿಕೊಟ್ಟ ಚಿತ್ರಾನ್ನ ಅದು, ನಿಂಬೆಹಣ್ಣು ಹಿಂಡಿದ್ದೇ ತಪ್ಪಾಯಿತೇನೋ.

ನಮ್ಮೂರಿನವರು ರೇಷ್ಮೆ ನೇಯ್ದು ಬದುಕುವವರು. ಆ ಸೀರೆ ಉಟ್ಟುಕೊಂಡು ಮದುವೆಗೆ ಹೋಗುವವರೇ ನಮ್ಮನ್ನು ಕಂಡರೆ ಹೆದರಿದ ಹಾಗೆ ಆಡುತ್ತಾರೆ. ನನಗೆ ಹೊಟ್ಟೆಪಾಡಿಗೆ ತೊಂದರೆ ಆಗಲಿಲ್ಲ, ನಕ್ಕು ಸುಮ್ಮನಾದೆ. ಆದರೆ ಇದೇ ಮಾತು ಹಳ್ಳಿಯಲ್ಲಿ ಒಂಟಿ ಹೆಂಗಸಿನ ಮೇಲೆ ಬಿದ್ದರೆ? ನಮ್ಮ ಬೀದಿಯಲ್ಲೇ ಒಬ್ಬ ಅಜ್ಜಿ ಇದ್ದರು. ಅವರು ಎತ್ತಿಕೊಂಡ ಮಗುವಿಗೆ ಜ್ವರ ಬಂತು ಅಂತ, ಅವರು ಸಾಯುವ ತನಕ ಯಾರೂ ಮಗುವನ್ನು ಅವರ ಕೈಗೆ ಕೊಡಲಿಲ್ಲ. ನಮ್ಮಮ್ಮನೂ ಕೊಡಲಿಲ್ಲ. ಅದು ನೆನಪಾದರೆ ಈಗಲೂ ಸರಿ ಅನಿಸುವುದಿಲ್ಲ.

ಅಕ್ಕ, ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ "ಕಣ್ಣು ಬಿತ್ತು, ಯಾರೋ ಮಾಡಿಸಿದ್ದಾರೆ" ಅನ್ನುವ ಮಾತು ಕಡಿಮೆ ಮಾಡಿ.

ಜೆ.ಪಿ. ನಗರದ ಅಪ್ಪ

ನಾವು ತಲಕಾಡಿಗೆ ಹೋದೆವು. ನಿಜವಾಗಿಯೂ ಇದೇ ನನ್ನ ಉತ್ತರ.

ಮಗನಿಗೆ ಆಗ 12. ಅವನೂ ವಂಶಶಾಪದ ಕಥೆ ಓದಿ ತಲೆ ಕೆಡಿಸಿಕೊಂಡಿದ್ದ. ಬಾರೋ, ಕರ್ನಾಟಕದ ದೊಡ್ಡ ಶಾಪದ ಜಾಗ ತೋರಿಸುತ್ತೇನೆ ಅಂದೆ. ಕನಕಪುರ ರೋಡಿನಲ್ಲಿ ಮಳವಳ್ಳಿ ಮೇಲೆ ಹೋದರೆ 130 ಕಿಲೋಮೀಟರ್ ಹತ್ತಿರ ಆಗುತ್ತದೆ. ದಾರಿಯುದ್ದಕ್ಕೂ ಅಲಮೇಲಮ್ಮನ ಕಥೆ ಹೇಳಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡಿದ್ದು, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಒಡವೆಗೆ ಸೈನಿಕರನ್ನು ಅಟ್ಟಿದ್ದು, ಅವಳು "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂತ ಕಾವೇರಿಗೆ ಹಾರಿದ್ದು. ಮರಳಲ್ಲಿ ಬರಿಗಾಲಲ್ಲಿ ನಡೆದು, ಹೂತಿದ್ದ ಗುಡಿ ನೋಡಿದ ಮೇಲೆ ಅವನ ಕಣ್ಣು ಇಷ್ಟಗಲ ಆಯಿತು.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮರಳು ಎಲ್ಲಿಂದ ಬಂತು? ಅಲ್ಲಿ ಹೊಳೆ ತಿರುಗುತ್ತದೆ. ಬೇಸಿಗೆಯಲ್ಲಿ ಪಾತ್ರ ಬರಿದಾದಾಗ ಗಾಳಿ ಮರಳನ್ನು ದಡಕ್ಕೆ ತಳ್ಳುತ್ತದೆ. ದೊರೆಗಳಿಗೆ ಮಕ್ಕಳಾಗಲಿಲ್ಲವಾ? ನಾಲ್ವಡಿಯವರಿಗೆ ಇರಲಿಲ್ಲ. ಆದರೆ ಅವರ ಅಪ್ಪ ಚಾಮರಾಜೇಂದ್ರ ಒಡೆಯರಿಗೆ ಇದ್ದರು, ಜಯಚಾಮರಾಜ ಒಡೆಯರಿಗೂ ಇದ್ದರು. ಮಗ ತಾನೇ ಹೇಳಿದ: "ಅಪ್ಪ, ಸರಿ ಬಂದಿದ್ದು ಮಾತ್ರ ಎಣಿಸ್ಕೊಂಡು, ತಪ್ಪಿದ್ದು ಬಿಟ್ಟಿದ್ದಾರೆ."

ವಾಪಸ್ ಬರುವಾಗ ಇನ್ನೊಂದು ಕೇಳಿದ. ಇಷ್ಟು ಮಾಡಿದ್ದು ಅರಮನೆಯವರು, ಹಾಗಾದರೆ ಹೆದರಬೇಕಾದವಳು ಅಲಮೇಲಮ್ಮ ಅಲ್ವಾ, ನಾವು ಯಾಕೆ ಅವಳಿಗೆ ಹೆದರೋದು? ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಲಾಗದವರಿಗೆ ಬಾಯಿ ಒಂದೇ ಉಳಿದಿರುತ್ತದೆ, ಅದನ್ನು ನಾವು ಶಾಪ ಅನ್ನುತ್ತೇವೆ ಅಂದೆ. ಅಷ್ಟರಲ್ಲಿ ಮದ್ದೂರು ವಡೆ ಬೇಕು ಅಂದ. ಆ ದಾರಿಯಲ್ಲಿ ಮದ್ದೂರು ಸಿಗುವುದಿಲ್ಲ, ಅದಕ್ಕೆ ಜಗಳ ಆಯಿತು.

ವಿಜಯನಗರದಿಂದ

ಎಲ್ಲರೂ "ಬಿಡಿ, ಓದಲಿ" ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನನ್ನ ಮಗನಿಗೆ ಇದು ಎರಡು ವಾರದಲ್ಲಿ ಹೋಗಲಿಲ್ಲ. ನಾಲ್ಕು ತಿಂಗಳು ಸರಿಯಾಗಿ ಮಲಗಲಿಲ್ಲ, ಊಟ ಬಿಟ್ಟ, ಸ್ಕೂಲಿಗೆ ಹೋಗಲ್ಲ ಅಂದ. ನಾವೂ ಮೊದಲು ತಾಯತ ಕಟ್ಟಿಸಿದೆವು, ನಾಚಿಕೆ ಇಲ್ಲದೆ ಹೇಳುತ್ತೇನೆ. ತಾಯತ ಕಟ್ಟಿದ ಮೇಲೆ "ಹಾಗಾದ್ರೆ ನಿಜವಾಗ್ಲೂ ಏನೋ ಇದೆ" ಅಂತ ಅವನಿಗೆ ಖಾತ್ರಿ ಆಯಿತು. ಕೊನೆಗೆ ಮಕ್ಕಳ ಕೌನ್ಸಿಲರ್ ಹತ್ತಿರ ಹೋದೆವು. ಪುಸ್ತಕ ನೆಪ ಅಷ್ಟೇ, ಒಳಗೆ ಬೇರೆ ಆತಂಕ ಇತ್ತು ಅಂತ ಆಗ ತಿಳಿಯಿತು.

ನಿದ್ದೆ, ಊಟ, ಸ್ಕೂಲು, ಈ ಮೂರಲ್ಲಿ ಒಂದು ಕೆಟ್ಟರೂ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆರ್.ಟಿ. ನಗರ, 22 ವರ್ಷ

ಆಂಟಿ, ಇಲ್ಲಿ ಬರೆದವರೆಲ್ಲ ಅಪ್ಪ-ಅಮ್ಮಂದಿರು. ಓದಿ ಹೆದರಿದವಳು ನಾನು, ಅದಕ್ಕೆ ಬರೆಯುತ್ತಿದ್ದೇನೆ.

ಹನ್ನೆರಡರಿಂದ ಹದಿನೈದರ ತನಕ ಇಂಥವೇ ಓದಿದ್ದು. ರಕ್ತ, ಬೆಂಕಿ, ಹೆಣ, ಇವಕ್ಕೆಲ್ಲ ಅಷ್ಟು ಹೆದರಲಿಲ್ಲ. ಹೆದರಿದ್ದು ಒಂದೇ ಜಾಗಕ್ಕೆ. ಜೀವದ ಗೆಳತಿ ಎಲ್ಲರ ಮುಂದೆ ಬೆರಳು ತೋರಿಸಿ "ಇವಳೇ" ಅನ್ನುತ್ತಾಳಲ್ಲ, ಅಲ್ಲಿಗೆ. ಯಾಕೆಂದರೆ ನಮ್ಮ ಕ್ಲಾಸಿನಲ್ಲೂ ಅದು ನಡೆಯುತ್ತಿತ್ತು. ಮಾಟಗಾತಿ ಅನ್ನುತ್ತಿರಲಿಲ್ಲ, "ಪನೌತಿ" ಅನ್ನುತ್ತಿದ್ದರು. ಅವಳು ಪೆನ್ ಮುಟ್ಟಿದರೆ ಮಾರ್ಕ್ಸ್ ಹೋಗುತ್ತದೆ ಅಂತ. ಆ "ಅವಳು" ಒಂದು ವರ್ಷ ನಾನೇ ಆಗಿದ್ದೆ. ಮನೆಯಲ್ಲಿ ಹೇಳಲಿಲ್ಲ. ಹೆದರಿದೆಯಾ ಅಂತ ಕೇಳಿದರೆ ದೆವ್ವದ ಪುಸ್ತಕ ತೋರಿಸುತ್ತಿದ್ದೆ, ಅದು ಸುಲಭ.

ಮಗಳನ್ನು ಪುಸ್ತಕದ ಬಗ್ಗೆ ಕೇಳಬೇಡಿ. ಕ್ಲಾಸಿನ ಬಗ್ಗೆ ಕೇಳಿ. ಸುಮ್ನೆ, ದೋಸೆ ಹಾಕುತ್ತಾ ಕೇಳಿ. ಎದುರು ಕೂರಿಸಿಕೊಂಡು ಕೇಳಿದರೆ ಯಾರೂ ಹೇಳುವುದಿಲ್ಲ.

ಬನಶಂಕರಿಯ ಅಮ್ಮ

ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ದೋಸೆ ಹಾಕುತ್ತಾ ಕೇಳಿದೆ. ಆರ್.ಟಿ. ನಗರದ ಹುಡುಗಿ, ನಿನಗೆ ಹೇಗೆ ಹೊಳೆಯಿತಮ್ಮ?

ಅವರ ಕ್ಲಾಸಿನಲ್ಲಿ ಒಂದು ಹುಡುಗಿ ಇದ್ದಾಳಂತೆ. ಈ ವರ್ಷ ಹೊಸದಾಗಿ ಬಂದವಳು, ಜಾಸ್ತಿ ಮಾತಾಡುವುದಿಲ್ಲ. ಅವಳು ಪಕ್ಕದಲ್ಲಿ ಕೂತ ಇಬ್ಬರು ಒಂದೇ ವಾರ ಜ್ವರ ಬಂದು ಮಲಗಿದರಂತೆ. ಅಲ್ಲಿಂದ ಅವಳಿಗೆ ಹೆಸರು ಬಿತ್ತು. ಪಾಪ, ಯಾರು ಹೆಸರಿಟ್ಟಿದ್ದು ಅಂತ ಬೈದೆ. ಮಗಳು ಸುಮ್ಮನೆ ತಟ್ಟೆ ನೋಡುತ್ತಾ ಕೂತಳು. ಆಮೇಲೆ, "ನಾನೂ ಬೆಂಚ್ ಬದಲಾಯಿಸಿದೆ ಅಮ್ಮ. ಅವಳು ನನ್ನ ನೋಡಿದ್ಲು" ಅಂದಳು. ಹೆದರಿಕೆ ಅದಕ್ಕಂತೆ. ತಾನು ಪುಸ್ತಕದ ಯಾವ ಕಡೆಯವಳು ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು. ದೋಸೆ ಹೊತ್ತಿತು.

"ಸಾರಿ ಹೇಳಿದ್ರೆ ಶಾಪ ಹೋಗುತ್ತಾ?" ಅಂತ ಕೇಳಿದಳು. ಶಾಪ ಇಲ್ಲವೇ ಇಲ್ಲ ಕಂದ ಅಂದೆ. ಆದರೂ ಸಾರಿ ಹೇಳಬೇಕಾ ಅಂದಳು. ಹೇಳಬೇಕು ಅಂದೆ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಆವತ್ತಿಂದ ಸ್ತ್ರೀ ಶಾಪದ ಸುದ್ದಿ ಎತ್ತಿಲ್ಲ. ಎಷ್ಟು ದಿನವೋ, ನನ್ನ ಮೈದುನನ ಜಾತಕ ಇನ್ನೂ ಓಡಾಡುತ್ತಿದೆ.

ಬಸವನಗುಡಿ, ನಿವೃತ್ತ ಹೈಸ್ಕೂಲ್ ಮೇಷ್ಟ್ರು

ಮಗಳಿಗೆ ಇದೊಂದು ಹೇಳಿ ತಾಯಿ. ಆ 12 ವರ್ಷದ ಆನ್ ಪುಟ್ನಂ ಬೆಳೆದ ಮೇಲೆ, 1706ರಲ್ಲಿ, ಚರ್ಚಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದಳು. ಪಾದ್ರಿ ಅವಳ ಮಾತನ್ನು ಓದುವಾಗ ಎದ್ದು ನಿಂತಿದ್ದಳು. ಬೆರಳು ತೋರಿಸಿದ ಆ ಹುಡುಗಿಯರಲ್ಲಿ ಹಾಗೆ ಎಲ್ಲರೆದುರು ನಿಂತವಳು ಅವಳೊಬ್ಬಳೇ. ಅಷ್ಟರಲ್ಲಿ 14 ವರ್ಷ ಕಳೆದಿತ್ತು. ನಿಮ್ಮ ಮಗಳಿಗೆ ಸೋಮವಾರದ ತನಕ ಸಮಯ ಇದೆ.

ನಮ್ಮ ದೇಶದಲ್ಲೂ ಇದು ಹಳೇ ಕಥೆ ಅಲ್ಲ ಅಂತಲೂ ತಿಳಿದಿರಲಿ. ಹೆಂಗಸರನ್ನು ಡಾಯನ್, ಅಂದರೆ ಮಾಟಗಾತಿ, ಅಂತ ಹಿಂಸಿಸುವುದರ ವಿರುದ್ಧ ಬಿಹಾರ 1999ರಲ್ಲಿ ಕಾನೂನು ಮಾಡಬೇಕಾಯಿತು. ಜಾರ್ಖಂಡ್‌ನ ಚುಟ್ನಿ ಮಹತೋ ಅವರಿಗೆ ಊರವರೇ ಆ ಹೆಸರು ಕಟ್ಟಿ ಓಡಿಸಿದ್ದರು. ಆಕೆ ಅಂಥದೇ ಗತಿಯ ಹೆಂಗಸರ ಬೆನ್ನಿಗೆ ನಿಂತರು, 2021ರಲ್ಲಿ ಪದ್ಮಶ್ರೀ ಬಂತು. ನಮ್ಮ ರಾಜ್ಯದ ವಾಮಾಚಾರ ತಡೆ ಕಾಯ್ದೆ 2017ರದು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ.

ಬನಶಂಕರಿಯ ಅಮ್ಮ

ಹೇಳುತ್ತೇನೆ ಮೇಷ್ಟ್ರೇ. ಲೈಟ್ ಇನ್ನೂ ಉರಿಯುತ್ತಿದೆ, ಆದರೆ ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಿದ್ದಾಳೆ.

ಮೂರನೇ ಭಾಗ ಚರ್ಚ್ ಸ್ಟ್ರೀಟಿನಲ್ಲಿ ಸಿಗಲಿಲ್ಲ. ಯಾರ ಹತ್ತಿರವಾದರೂ ಇದೆಯಾ? ಹೊಸದಕ್ಕಿಂತ ಹಳೇದೇ ಬೇಕಂತೆ, ವಾಸನೆ ಚೆನ್ನಾಗಿರುತ್ತದಂತೆ.

ಆರ್.ಟಿ. ನಗರ, 22 ವರ್ಷ

ನನ್ನ ಹತ್ರ ಇದೆ ಆಂಟಿ. ಆದರೆ ಕೊನೆಯ ಎರಡು ಹಾಳೆ ಹರಿದುಹೋಗಿದೆ.

ಮಲ್ಲೇಶ್ವರದಿಂದ

ಬೇಡಮ್ಮ! ಅದನ್ನು ಮಾತ್ರ ಕೊಡಬೇಡ.

ಆರ್.ಟಿ. ನಗರ, 22 ವರ್ಷ

ಕೊನೆಗೆ ಏನಾಗುತ್ತೆ ಅಂತ ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಡುತ್ತೇನೆ. ಶನಿವಾರ ಬನಶಂಕರಿ ಕಡೆ ಬರುವುದಿದೆ ಆಂಟಿ.