ಟ್ರೇಲರ್ ಟಿಐಆರ್ ಇನ್ಸ್‌ಪೆಕ್ಷನ್‌ನಲ್ಲಿ ಎರಡನೇ ಸಲ ಫೇಲ್, ಯಾರಾದರೂ ದಾರಿ ಹೇಳಿ

ಕುಂದಾಪುರ_ದುಬೈ:
ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಒಂದು ಟ್ರೇಲರ್‌ನ ಟಿಐಆರ್ (ಕಸ್ಟಮ್ಸ್ ಸೀಲ್ ಹಾಕಿ ದೇಶದಿಂದ ದೇಶಕ್ಕೆ ಮಾಲು ಸಾಗಿಸುವ ಅಂತಾರಾಷ್ಟ್ರೀಯ ವ್ಯವಸ್ಥೆ) ಅಪ್ರೂವಲ್ ಸರ್ಟಿಫಿಕೇಟ್‌ಗೆ ಎರಡು ವರ್ಷ ತುಂಬಿತು. ರಿನೀವಲ್‌ಗೆ ಒಯ್ದರೆ ಫೇಲ್. ಬಾಗಿಲಿನ ಹಿಂಜ್ ಬೋಲ್ಟುಗಳನ್ನೆಲ್ಲ ವೆಲ್ಡ್ ಮಾಡಿಸಿ ಮತ್ತೆ ಒಯ್ದೆ. ಮತ್ತೆ ಫೇಲ್. ಜೋರ್ಡಾನ್‌ಗೆ ಹೋಗುವ ಲೋಡ್ ಜೆಬೆಲ್ ಅಲಿಯಲ್ಲಿ ಕಾಯುತ್ತಾ ಕೂತಿದೆ. ಗಿರಾಕಿ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾನೆ. ಹೋದ ಸಲ ಇದೇ ಗಾಡಿ ಪಾಸ್ ಆಗಿತ್ತು, ಆಮೇಲೆ ಏನೂ ಬದಲಾಗಿಲ್ಲ. ಪೇಪರಿನಲ್ಲಿ ಅರೇಬಿಕ್‌ನಲ್ಲಿ ಒಂದೇ ಸಾಲು ಬರೆದಿದ್ದಾರೆ. ಕಸ್ಟಮ್ಸ್ ಸೀಲಿಗೆ ಭದ್ರ ಇಲ್ಲ ಅಂತ ಅರ್ಥವಂತೆ. ಇನ್ನೇನು ಭದ್ರ ಬೇಕು ಇವರಿಗೆ?

ಪಣಂಬೂರು_ಯಾರ್ಡ್:
ಸಿಎಸ್‌ಸಿ ಪ್ಲೇಟ್, ಅಂದರೆ ಕಂಟೇನರಿನ ಸುರಕ್ಷತಾ ಒಪ್ಪಿಗೆಯ ತಗಡು, ನೋಡಿದ್ರಾ? ನಮ್ಮಲ್ಲಿ ಬರುವ ಡಬ್ಬಗಳಲ್ಲಿ (ಕಂಟೇನರ್‌ಗಳಲ್ಲಿ) ಅರ್ಧ ತಕರಾರು ಅದರದ್ದೇ. ತಯಾರಾದ 5 ವರ್ಷದೊಳಗೆ ಮೊದಲ ತಪಾಸಣೆ, ಆಮೇಲೆ 30 ತಿಂಗಳಿಗೊಮ್ಮೆ. ಆ ದಿನಾಂಕ ದಾಟಿದ್ದರೆ ಯಾರೂ ಮುಟ್ಟುವುದಿಲ್ಲ.

ರೋಟರ್‌ಡ್ಯಾಮ್_ಕನ್ನಡಿಗ:
ಅವರು ಹೇಳುತ್ತಿರುವುದು ಟ್ರೇಲರ್, ಕಂಟೇನರ್ ಅಲ್ಲ. ಟ್ರೇಲರ್‌ಗೆ ಸಿಎಸ್‌ಸಿ ಪ್ಲೇಟ್ ಎಲ್ಲಿಂದ ಬರಬೇಕು? ಬೋಲ್ಟ್ ವಿಷಯಕ್ಕೆ ಬನ್ನಿ. ಹೊರಗಿನಿಂದ ಸ್ಪ್ಯಾನರ್ ಹಾಕಿ ಬಿಚ್ಚಲು ಬರುವ ಒಂದು ನಟ್ ಉಳಿದಿದ್ದರೂ ಫೇಲ್. ಬಾಗಿಲಿನ ಸೀಲ್ ಹಾಗೇ ಇಟ್ಟು, ಹಿಂಜ್ ಕಡೆಯಿಂದ ಬಾಗಿಲನ್ನೇ ಎತ್ತಿಡಬಹುದು ಅಲ್ವಾ? ಎಲ್ಲ ಹಿಂಜ್‌ಗಳೂ ಆಗಿವೆಯಾ? ಲಾಕಿಂಗ್ ಬಾರ್‌ನ ಬ್ರಾಕೆಟ್?

ಕುಂದಾಪುರ_ದುಬೈ:
ಎಲ್ಲ ಆಗಿದೆ ಸರ್. ಒಂದೂ ಬಿಟ್ಟಿಲ್ಲ.

ರೋಟರ್‌ಡ್ಯಾಮ್_ಕನ್ನಡಿಗ:
ಹಾಗಾದರೆ ವೆಂಟಿಲೇಟರ್ ನೋಡಿ. ಗಾಳಿಕಿಂಡಿ 400 ಮಿ.ಮೀ.ಗಿಂತ ದೊಡ್ಡದಿರಬಾರದು. ಒಳಗೆ ಜಾಲರಿ ಇರಬೇಕು, ತೂತು 3 ಮಿ.ಮೀ. ದಾಟಬಾರದು. ಜಾಲರಿ ಹರಿದಿದ್ದರೆ ಅದೇ ಕಾರಣ.

ಕುಂದಾಪುರ_ದುಬೈ:
ವೆಂಟಿಲೇಟರ್ ಇಲ್ಲ. ಮೇಲೆ, ಎರಡೂ ಪಕ್ಕಕ್ಕೆ ಟಾರ್ಪಾಲು. ಹಿಂದೆ ಮಾತ್ರ ಬಾಗಿಲು.

ಹೊಲಿಗೆ_ಮೇಸ್ತ್ರಿ:
ಇದನ್ನು ಮೊದಲೇ ಹೇಳಬೇಕಿತ್ತು ತಮ್ಮಾ. ನಾವೆಲ್ಲ ಬಾಕ್ಸ್ ಬಾಡಿ ಅಂದುಕೊಂಡು ಬೋಲ್ಟಿನ ಹಿಂದೆ ಹೋದೆವು. ಟಾರ್ಪಾಲು ಗಾಡಿ ಅಂದಮೇಲೆ ಲೆಕ್ಕವೇ ಬೇರೆ. ಹಗ್ಗ ಯಾವುದು, ರಿಂಗುಗಳ ನಡುವೆ ಎಷ್ಟು ಅಂತರ, ಬಟ್ಟೆ ಒಂದೇ ತುಂಡಾ, ಜೋಡಿಸಿದ್ದಾ? ಫೋಟೊ ಹಾಕು.

ಕುಂದಾಪುರ_ದುಬೈ:
ಬಟ್ಟೆ ಪ್ಲಾಸ್ಟಿಕ್ ಲೇಪನದ್ದು, ನೀಲಿ. ಸ್ಟೀಲ್ ವಯರ್ ಹಗ್ಗ. ಗಾಡಿ ಯಾರ್ಡಿನಲ್ಲಿದೆ, ನಾಳೆ ಫೋಟೊ ತೆಗೆಯುತ್ತೇನೆ.

ಜುಬೈಲ್_ಡ್ರೈವರಣ್ಣ:
ಹಗ್ಗ. ನೂರಕ್ಕೆ ನೂರು ಹಗ್ಗವೇ. 14 ವರ್ಷದಿಂದ ಕೊಲ್ಲಿಯಲ್ಲಿ ಗಾಡಿ ಓಡಿಸುತ್ತಿದ್ದೇನೆ. ನನಗೂ ಹೀಗೇ ಆಗಿತ್ತು. ಹಗ್ಗ ತುಂಡಾದಾಗ ಗಂಟು ಹಾಕಿದ್ದೆ. ಸೌದಿ ಗಡಿಯ ಬತ್ಹಾದಲ್ಲಿ ಹಿಡಿದರು. ಹಗ್ಗ ಒಂದೇ ತುಂಡಿರಬೇಕು. ಎರಡೂ ತುದಿಗೆ ಗಟ್ಟಿ ಲೋಹದ ಮೂತಿ ಬೇಕು. ಆ ಮೂತಿಯಲ್ಲಿ ಟೊಳ್ಳು ರಿವೆಟ್ ಹಗ್ಗವನ್ನೇ ತೂರಿ ಹೋಗಿರಬೇಕು. ಸೀಲಿನ ದಾರ ಆ ತೂತಿನೊಳಗೆ ಹಾಯುತ್ತದೆ. ರಿವೆಟ್‌ನ ಎರಡೂ ಬದಿ ಹಗ್ಗ ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಮೂತಿಯನ್ನು ಎಳೆದು ತೆಗೆದು ಮತ್ತೆ ಸಿಕ್ಕಿಸಬಹುದು ಅಂತ ಲೆಕ್ಕ.

ಕುಂದಾಪುರ_ದುಬೈ:
ಅಣ್ಣ, ಈಗ ಯಾರ್ಡಿಗೆ ಫೋನ್ ಮಾಡಿ ಕೇಳಿದೆ. ಹಗ್ಗ ಹೊಸದು, ಒಂದೇ ತುಂಡು. ರಿವೆಟ್ ಇದೆ.

ಜುಬೈಲ್_ಡ್ರೈವರಣ್ಣ:
ದಪ್ಪ ಅಳೆದಿದ್ದೀರಾ? ಸ್ಟೀಲ್ ವಯರ್ ಕನಿಷ್ಠ 3 ಮಿ.ಮೀ. ಬೇಕು. ಸೆಣಬು, ಕತ್ತಾಳೆ ಹಗ್ಗ ಆದರೆ 8, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವಚ.

ಕುಂದಾಪುರ_ದುಬೈ:
6 ಇದೆ ಅಂತಾರೆ.

ಜುಬೈಲ್_ಡ್ರೈವರಣ್ಣ:
ಆದರೂ ಇನ್ನೊಮ್ಮೆ ಖುದ್ದಾಗಿ ನೋಡಿ. ಮೂತಿ ಸಡಿಲ ಇರಬಹುದು. ನನ್ನ ಮಾತು ನಂಬಿ, ಹಗ್ಗವೇ.

ಪಣಂಬೂರು_ಯಾರ್ಡ್:
ಸಿಎಸ್‌ಸಿ ಬಗ್ಗೆ ನಾನು ಹೇಳಿದ್ದು ಪೂರ್ತಿ ತಪ್ಪಲ್ಲ. ಕಂಟೇನರ್ ಪ್ಲೇಟಿನ ಮೇಲೆ 'ಕಸ್ಟಮ್ಸ್ ಸೀಲ್ ಅಡಿ ಸಾಗಣೆಗೆ ಒಪ್ಪಿಗೆ' ಅನ್ನುವ ಸಾಲೂ ಇರುತ್ತದೆ. ಎರಡೂ ಒಂದೇ ಪ್ಲೇಟಿನಲ್ಲಿ ಬರುತ್ತವೆ.

ರೋಟರ್‌ಡ್ಯಾಮ್_ಕನ್ನಡಿಗ:
ಒಂದೇ ತಗಡಿನಲ್ಲಿ ಬಂದ ಮಾತ್ರಕ್ಕೆ ಒಂದೇ ಒಪ್ಪಿಗೆ ಆಗುವುದಿಲ್ಲ. ಸಿಎಸ್‌ಸಿ 1972ರ ಸುರಕ್ಷತೆಯ ಒಪ್ಪಂದ. ಎತ್ತುವಾಗ, ಒಂದರ ಮೇಲೊಂದು ಪೇರಿಸುವಾಗ ಡಬ್ಬ ಕುಸಿಯಬಾರದು ಅಂತ ಅದು ನೋಡುತ್ತದೆ. ಕಸ್ಟಮ್ಸ್ ಒಪ್ಪಿಗೆ ನೋಡುವುದು ಕಳ್ಳದಾರಿ ಇದೆಯಾ ಅಂತ. ಬಲವಾದ ಡಬ್ಬಕ್ಕೂ ಕಳ್ಳದಾರಿ ಇರಬಹುದು.

ಪಣಂಬೂರು_ಯಾರ್ಡ್:
ಅದನ್ನು ಒಪ್ಪುತ್ತೇನೆ. ಆದರೆ ಯಾರ್ಡಿನಲ್ಲಿ ನಿಂತು ಕೆಲಸ ಮಾಡುವವರಿಗೆ ಎರಡೂ ಒಟ್ಟಿಗೇ ನೋಡುವ ವಿಷಯ. ನೀವು ಸುಮ್ನೆ ತಪ್ಪು ಅಂದುಬಿಟ್ಟಿರಿ, ಅದು ಬೇಜಾರಾಯಿತು.

ರೋಟರ್‌ಡ್ಯಾಮ್_ಕನ್ನಡಿಗ:
ಬೇಜಾರಾಗಿದ್ದರೆ ಕ್ಷಮಿಸಿ ಸರ್. ಈಗಿನ ಕಾಲದಲ್ಲಿ ಟಾರ್ಪಾಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾನು ಓಡಿಸುವುದು ರೀಫರ್ (ಶೀತಲೀಕರಣದ) ಟ್ರೇಲರ್. ಗಟ್ಟಿ ಗೋಡೆ, ಎರಡು ಬಾಗಿಲು, ಒಂದು ಸೀಲ್. ಹೋದ ಚಳಿಗಾಲ ಟರ್ಕಿಗೆ ನಾಲ್ಕು ಟ್ರಿಪ್ ಮಾಡಿದೆ, ಗಾಡಿಯ ಮೇಲೆ ಒಂದು ರಿಮಾರ್ಕ್ ಇಲ್ಲ. ಒಳಗೆ ಉಷ್ಣತೆ ದಾಖಲಿಸುವ ಯಂತ್ರ, ಕ್ಯಾಬಿನ್‌ನಲ್ಲಿ ಫ್ರಿಜ್, ಕಾಫಿ ಮಷಿನ್, ಊರಿನ ಕಾಫಿ ಪುಡಿ. ಬೇಕಾದರೆ ಫೋಟೊ ಹಾಕುತ್ತೇನೆ.

ಜುಬೈಲ್_ಡ್ರೈವರಣ್ಣ:
ಹಾಕಿ ಸರ್, ನೋಡೋಣ. ನನ್ನದರಲ್ಲಿ ಎರಡು ಬರ್ನರ್ ಸ್ಟೌವ್ ಇದೆ. ಗಂಜಿ, ಮೀನು ಸಾರು ಎಲ್ಲ ದಾರಿಯಲ್ಲೇ.

ಕುಂದಾಪುರ_ದುಬೈ:
ದಯವಿಟ್ಟು ನನ್ನ ಗಾಡಿಯ ಬಗ್ಗೆ ಹೇಳಿ. ಫೋಟೊ ಹಾಕಿದ್ದೇನೆ ನೋಡಿ, ಐದು ಇವೆ.

ಹೊಲಿಗೆ_ಮೇಸ್ತ್ರಿ:
ನೋಡಿದೆ. ರಿಂಗುಗಳ ಅಂತರ ಸರಿ ಕಾಣುತ್ತದೆ, 200 ಮಿ.ಮೀ. ಒಳಗೇ ಇದೆ. ಕಂಬದ ಎರಡೂ ಬದಿಯಲ್ಲಿ ಮಾತ್ರ 300ರವರೆಗೆ ಬಿಡುತ್ತಾರೆ, ಅಲ್ಲೂ ತೊಂದರೆ ಇಲ್ಲ. ನಾಲ್ಕನೇ ಫೋಟೊದಲ್ಲಿ ಎಡಪಕ್ಕ, ಹಿಂದಿನ ಚಕ್ರದ ಮೇಲೆ, ಅದೇನು ಚೌಕ?

ಕುಂದಾಪುರ_ದುಬೈ:
ಅದು ತೇಪೆ. ಹೋದ ವರ್ಷ ಫೋರ್ಕ್‌ಲಿಫ್ಟ್ ತಾಗಿ ಒಂದು ಅಡಿ ಹರಿದಿತ್ತು. ಗ್ಯಾರೇಜಿನಲ್ಲಿ ಹೊರಗಿನಿಂದ ಅಂಟು ಹಾಕಿ, ಬಿಸಿಗಾಳಿ ಹಿಡಿದು ಕೂರಿಸಿಕೊಟ್ಟರು. ನೀರು ಒಂದು ಹನಿ ಒಳಗೆ ಬರುವುದಿಲ್ಲ. ಗಟ್ಟಿ ಇದೆ.

ಹೊಲಿಗೆ_ಮೇಸ್ತ್ರಿ:
ಸಿಕ್ಕಿತು. ಏನೂ ಬದಲಾಗಿಲ್ಲ ಅಂದಿದ್ದೆ ನೀನು.

ನೀರು ಬರದಿದ್ದರೆ ಸಾಲದು ತಮ್ಮಾ. ಕಸ್ಟಮ್ಸ್‌ನವರು ಮಳೆಯನ್ನು ನೋಡುವುದಿಲ್ಲ, ಕೈಯನ್ನು ನೋಡುತ್ತಾರೆ. ಬ್ಲೇಡಿನಿಂದ ಆ ತೇಪೆಯ ಅಂಚು ಎತ್ತಿ, ಒಳಗೆ ಕೈ ಹಾಕಿ ಮಾಲು ತೆಗೆದು, ಮತ್ತೆ ಅಂಟು ಹಾಕಿ ಒತ್ತಿದರೆ ಯಾರಿಗಾದರೂ ಗೊತ್ತಾಗುತ್ತದಾ? ಇಲ್ಲ. ಸೀಲ್ ಒಡೆಯದೆ, ಗುರುತು ಬಿಡದೆ ಏನೂ ಹೊರಗೆ ಹೋಗಬಾರದು, ಒಳಗೂ ಬರಬಾರದು. 1975ರ ಟಿಐಆರ್ ಒಪ್ಪಂದದ ಎರಡನೇ ಅನುಬಂಧ ಪೂರ್ತಿ ನಿಂತಿರುವುದೇ ಇದರ ಮೇಲೆ.

ಪ್ಲಾಸ್ಟಿಕ್ ಲೇಪನದ ಬಟ್ಟೆಗೆ ರಿಪೇರಿಯ ದಾರಿ ಎರಡು. ಒಂದು ಬೆಸುಗೆ. ತೇಪೆ ಒಳಗಡೆಯಿಂದ ಬರಬೇಕು. ಬಟ್ಟೆಯ ಮೇಲೆ ಬಟ್ಟೆ ಕನಿಷ್ಠ 15 ಮಿ.ಮೀ. ಕೂರಬೇಕು, ಆ ಅಗಲ ಪೂರ್ತಿ ಕರಗಿ ಒಂದಾಗಬೇಕು. ಅಂಚಿನ ಮೇಲೆ ಕನಿಷ್ಠ 7 ಮಿ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿ ಬೆಸೆಯಬೇಕು. ರಿಪೇರಿ ಆದ್ದರಿಂದ ಪಟ್ಟಿ ಒಳಗೂ ಬೇಕು, ಹೊರಗೂ ಬೇಕು. ಪಟ್ಟಿಯ ಮೇಲೆ, ಅದರ ಆಚೀಚೆ ಕನಿಷ್ಠ 3 ಮಿ.ಮೀ. ತನಕ, ಉಬ್ಬು ಅಚ್ಚು ಒತ್ತಿರಬೇಕು. ಈ ಅಚ್ಚೇ ಮುಖ್ಯ. ಒಮ್ಮೆ ಬಿಚ್ಚಿದರೆ ಅದೇ ವಿನ್ಯಾಸ ಮತ್ತೆ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಹೊಲಿಗೆ. ಅಂಚುಗಳನ್ನು ಒಂದರೊಳಗೊಂದು ಮಡಚಿ, ಮಷಿನ್‌ನಲ್ಲಿ ಎರಡು ಸಾಲು, ನಡುವೆ ಕನಿಷ್ಠ 15 ಮಿ.ಮೀ. ಒಳಗೆ ಕಾಣುವ ದಾರದ ಬಣ್ಣ ಹೊರಗಿನ ದಾರಕ್ಕಿಂತ ಬೇರೆ, ಬಟ್ಟೆಗಿಂತಲೂ ಬೇರೆ. ಹೊರಗಿನಿಂದ ಕಿತ್ತು ಮತ್ತೆ ಹೊಲಿದವನಿಗೆ ಒಳಗಿನ ಬಣ್ಣ ಹೊಂದಿಸಲು ಆಗಬಾರದು ಅಂತ. ಕೈಹೊಲಿಗೆ ನಡೆಯುವುದೇ ಇಲ್ಲ.

ಜುಬೈಲ್_ಡ್ರೈವರಣ್ಣ:
ತೇಪೆ ಇರಬಹುದು. ಹಗ್ಗವನ್ನೂ ಒಮ್ಮೆ ನೋಡಿಸಿ.

ಬೆಂಗಳೂರು_ಸಿಎಚ್‌ಎ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ವೈಟ್‌ಫೀಲ್ಡ್ ಐಸಿಡಿ (ಒಳನಾಡಿನ ಕಂಟೇನರ್ ಡಿಪೊ) ಕೆಲಸ ನೋಡುತ್ತೇನೆ. ನಮ್ಮ ದೇಶದಲ್ಲೂ ಟಿಐಆರ್ ಇದೆಯಾ?

ರೋಟರ್‌ಡ್ಯಾಮ್_ಕನ್ನಡಿಗ:
ಇದೆ. ಭಾರತ 2017ರ ಜೂನ್‌ನಲ್ಲಿ ಸೇರಿತು. ಕಾರ್ನೆ (ಟಿಐಆರ್ ಸಾಗಣೆಯ ಕಸ್ಟಮ್ಸ್ ದಾಖಲೆ) ಕೊಡುವುದು, ಗ್ಯಾರಂಟಿ ನಿಲ್ಲುವುದು ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟ ಫಿಕ್ಕಿ. ಇದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಅಲ್ಲಿ ಬರೆಯುತ್ತೇನೆ.

ಕುಂದಾಪುರ_ದುಬೈ:
ಮೇಸ್ತ್ರಿಗಳೇ, ಗ್ಯಾರೇಜಿನವರು ಅದೇ ತೇಪೆಯ ಸುತ್ತ ಹೊಲಿಗೆ ಹಾಕಿಕೊಡುತ್ತೇವೆ ಅನ್ನುತ್ತಾರೆ. ಸಾಕಾ?

ಹೊಲಿಗೆ_ಮೇಸ್ತ್ರಿ:
ಬೇಡ. ಅದು ಮಡಚಿದ ಹೊಲಿಗೆ ಆಗುವುದಿಲ್ಲ. ಅಂಟಿನ ಮೇಲೆ ಸೂಜಿಯೂ ಸರಿ ಓಡುವುದಿಲ್ಲ. ಹಳೇ ತೇಪೆ, ಅಂಟು ಹತ್ತಿದ ಬಟ್ಟೆ ಸಮೇತ ಚೌಕವಾಗಿ ಕತ್ತರಿಸಿ ತೆಗೆಸು. ಹೊಸದನ್ನು ಒಳಗಿನಿಂದ ಬೆಸೆಸು. ಅಚ್ಚಿನ ರೋಲರ್ ಇರುವ ಅಂಗಡಿಗೇ ಹೋಗು. ರೋಲರ್ ತೋರಿಸಿ ಅಂತ ಮೊದಲು ಕೇಳು, ಇಲ್ಲದಿದ್ದರೆ ಅಲ್ಲಿಂದ ಎದ್ದು ಬಾ. ನಾನು 22 ವರ್ಷ ಇದೇ ಕೆಲಸ ಮಾಡಿದವನು. ತೇಪೆ ನೋಡಿದರೆ ಹಾಕಿದವನ ಕೈ ಗೊತ್ತಾಗುತ್ತದೆ. ನಿನ್ನ ಗಾಡಿಯದ್ದು ಆತುರದ ಕೈ.

ಸರ್ಟಿಫಿಕೇಟ್ ಜೊತೆ ಹಳೇ ಫೋಟೊ ಇದ್ದರೆ ಹೊಸದನ್ನೂ ತೆಗೆದಿಟ್ಟುಕೋ. ಕಾಗದದ ಗಾಡಿ, ಎದುರಿಗಿರುವ ಗಾಡಿ ಒಂದೇ ಥರ ಕಾಣಬೇಕು.

ಕುಂದಾಪುರ_ದುಬೈ:
ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೂರು ಅಂಗಡಿ ಸುತ್ತಿದೆ, ಮೂರನೆಯದರಲ್ಲಿ ರೋಲರ್ ಇತ್ತು. ಒಳಗಿನಿಂದ ತೇಪೆ, ಎರಡೂ ಕಡೆ ಪಟ್ಟಿ, ಮೇಲೆ ಅಚ್ಚು. ಇವತ್ತು ಬೆಳಿಗ್ಗೆ ಇನ್ಸ್‌ಪೆಕ್ಟರ್ ಬೆರಳಿನಿಂದ ಪಟ್ಟಿ ಸವರಿ ನೋಡಿದರು, ಒಳಗೆ ಹತ್ತಿ ಟಾರ್ಚ್ ಹಿಡಿದು ನೋಡಿದರು. ಪಾಸ್. ಹಗ್ಗವನ್ನೂ ನೋಡಿದರು ಡ್ರೈವರಣ್ಣ, ಏನೂ ಹೇಳಲಿಲ್ಲ. ಗಾಡಿ ರಾತ್ರಿ ಸೌದಿ ಗಡಿಯ ಗುವೈಫಾತ್ ಕಡೆ ಹೊರಡುತ್ತದೆ. ಮೇಸ್ತ್ರಿಗಳಿಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಊರಿಗೆ ಬಂದಾಗ ಖಂಡಿತ ಮನೆಗೆ ಬರುತ್ತೇನೆ.

ಹೊಲಿಗೆ_ಮೇಸ್ತ್ರಿ:
ಬಾ ತಮ್ಮಾ. ಅಚ್ಚಿನದ್ದು ಹತ್ತಿರದ ಫೋಟೊ ಒಂದು ಹಾಕು, ನೋಡಬೇಕು ನನಗೆ.

ಮಸ್ಕತ್_ಮಂಗಳೂರು:
ಈಗಷ್ಟೇ ಪೂರ್ತಿ ಓದಿದೆ. ನಮ್ಮದು ಪಕ್ಕಕ್ಕೆ ಸರಿಯುವ ಕರ್ಟನ್ ಟ್ರೇಲರ್. ಬಕಲ್ ಪಟ್ಟಿಗಳ ನಡುವೆ ಬಟ್ಟೆ ಸ್ವಲ್ಪ ಸಡಿಲ ಇದೆ, ಎಳೆದರೆ ಬೆರಳು ತೂರುತ್ತದೆ. ಮುಂದಿನ ವಾರ ಇನ್ಸ್‌ಪೆಕ್ಷನ್. ಬಕಲ್ ಮಾತ್ರ ಬಿಗಿ ಮಾಡಿದರೆ ಸಾಕಾ, ಬಟ್ಟೆಯನ್ನೇ ಬದಲಾಯಿಸಬೇಕಾ?